ಮಕ್ಕಳ ವೃಷಣಗಂತಿ: ಮುಚ್ಚಿಡತಕ್ಕ ಮಾತಲ್ಲ

ಏಡಿಗಂತಿ, ಅಂದರೆ ಕ್ಯಾನ್ಸರ್, ಎಂಬ ಮಾತು ಕಿವಿಗೆ ಬಿದ್ದೊಡನೆ ಆಶೆಯನ್ನು ತೊರೆಯುವುದು ನಮ್ಮ ಜನರಲ್ಲಿ ರೂಢಿಯಾಗಿದೆ. ಎಳೆಯ ಗಂಡುಮಕ್ಕಳ ವೃಷಣದಲ್ಲಿ ತಲೆದೋರುವ ಗಂತಿಯ ವಿಷಯದಲ್ಲಿ ಈ ನಿರಾಶೆಗೆ ಆಧಾರವೇ ಇಲ್ಲ.

ಈ ರೋಗ ವಿರಳ. ಮಕ್ಕಳ ಘನಗಂತಿಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ. ಎಳೆಯರಲ್ಲಿ ಎರಡು ಬಗೆಗಳು ಮುಖ್ಯವಾದುವು. ‘ಟೆರಟೋಮ’ ಈ ವಯಸ್ಸಿನಲ್ಲಿ ನಿರುಪದ್ರವಿ. ಅನೇಕ ವೇಳೆ ಗಂತಿಯನ್ನಷ್ಟೆ ತೆಗೆದು ವೃಷಣವನ್ನು ಉಳಿಸಬಹುದು. ‘ಯೋಕ್ ಸ್ಯಾಕ್’ ಗಂತಿಯಾದರೋ ಏಡಿಗಂತಿಯೇ. ಅದು ಆಲ್ಫಾ ಫೀಟೋಪ್ರೋಟೀನ್ ಎಂಬ ವಸ್ತುವನ್ನು ರಕ್ತಕ್ಕೆ ಸೇರಿಸುವುದರಿಂದ ಅದರ ಸುಳಿವು ಸಿಗುತ್ತದೆ. ಹಸುಗೂಸಿನ ರಕ್ತದಲ್ಲಿ ಈ ವಸ್ತು ಸಹಜವಾಗಿಯೇ ಅಧಿಕವಾಗಿರುವ ಕಾರಣ ವೈದ್ಯರು ವಯಸ್ಸನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. ರೋಗ ವೃಷಣವನ್ನು ದಾಟಿರದಿದ್ದರೆ, ತೊಡೆಸಂದಿಯ ಮೂಲಕ ಅದನ್ನು ತೆಗೆದು ರಕ್ತಪರೀಕ್ಷೆಯಿಂದ ಕಾಯುತ್ತಿದ್ದರೆ ಬಹುಮಂದಿಗೆ ಅಷ್ಟೇ ಸಾಕು. ಮರುಕಳಿಸಿದರೂ ಸಿಸ್‌ಪ್ಲಾಟಿನ್ ಮೊದಲಾದ ಔಷಧಗಳುಂಟು. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಗಳಿಗೆ ವಿದ್ಯುತ್ತನ್ನು ಹಾಯಿಸುತ್ತಿದ್ದಾಗ, ಪ್ಲಾಟಿನಂ ಸಂಯುಕ್ತವು ಕೋಶವಿಭಜನೆಯನ್ನು ತಡೆಯುವುದು ಬೆಳಕಿಗೆ ಬಂದಿತು. ಇಂದು ಸಕಾಲದಲ್ಲಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಬದುಕುತ್ತಾರೆ. ಉಳಿದ ಒಂದು ವೃಷಣವೇ ಬೆಳವಣಿಗೆಗೂ ಮುಂದೆ ಸಂತಾನಕ್ಕೂ ಸಾಮಾನ್ಯವಾಗಿ ಸಾಲುತ್ತದೆ.

ಹಾಗಾದರೆ ಅಪಾಯವೆಲ್ಲಿದೆ? ವಿಳಂಬದಲ್ಲಿದೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ, ದೂರದ ಊರುಗಳಿಂದ ಬಂದು ಪಾಳಿಯ ಮೇಲೆ ದುಡಿಯುವ ತಂದೆತಾಯಿಗಳು ಎಷ್ಟೋ ಮಂದಿ. ಆಸ್ಪತ್ರೆಗೆ ಹೋದರೆ ಅಂದಿನ ಕೂಲಿ ಹೋಯಿತು. ಊತಕ್ಕೆ ನೋವಿಲ್ಲ, ಮಗು ಅಳುವುದಿಲ್ಲ, ಹೇಳಲು ನಾಚಿಕೆ. ‘ನೀರು ತುಂಬಿರಬೇಕು’ ಎನ್ನುತ್ತ ತಿಂಗಳುಗಳು ಉರುಳುತ್ತವೆ. ಎಲೆಕ್ಟ್ರಾನಿಕ್ ಸಿಟಿಗೆ ಸಾಗುವ ಹೊಸೂರು ರಸ್ತೆಯಲ್ಲಿಯೇ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ದೂರವಾಗಿರುವುದು ಆಸ್ಪತ್ರೆಯಲ್ಲ, ತಿಳಿವಳಿಕೆ.

ನಮ್ಮ ಅಭಿಪ್ರಾಯವಿಷ್ಟು: 9ನೆಯ ತಿಂಗಳಲ್ಲಿಯೂ ಮತ್ತೆ 16ರಿಂದ 24ನೆಯ ತಿಂಗಳೊಳಗೂ ಲಸಿಕೆಗಾಗಿ ಮಗುವನ್ನು ಹೇಗೂ ಕರೆತರುತ್ತಾರೆ. ಈ ಗಂತಿ ಹೆಚ್ಚಾಗಿ ಕಾಣುವುದೂ ಮೊದಲ ಮೂರು ವರ್ಷಗಳಲ್ಲಿಯೇ. ಆಗಲೇ ಗಂಡುಮಗುವಿನ ವೃಷಣಗಳನ್ನು ಮುಟ್ಟಿ ನೋಡುವ ಪದ್ಧತಿ ಎಲ್ಲ ಆರೋಗ್ಯಕೇಂದ್ರಗಳಲ್ಲಿಯೂ ಬರಬೇಕು. ಹೆಚ್ಚಿನ ಊತಗಳು ನಿರಪಾಯಕರವಾಗಿರುವಾಗ ತಾಯಂದಿರನ್ನು ವೃಥಾ ಬೆದರಿಸಬೇಕೆ ಎಂದು ಕೆಲವರು ಕೇಳಬಹುದು. ಬೆದರಿಕೆ ಬೇಡ, ಪರೀಕ್ಷೆ ಬೇಕು. ನೀರೋ ಗಂತಿಯೋ ಎಂಬುದನ್ನು ಅಲ್ಟ್ರಾಸೌಂಡ್ ಬಹುಮಟ್ಟಿಗೆ ತಿಳಿಸುತ್ತದೆ. ನೀರೆಂದು ಭ್ರಮಿಸಿ ಸೂಜಿ ಚುಚ್ಚುವುದು ಮಾತ್ರ ಕೂಡದು. ರೋಗದ ಕೋಶಗಳು ಹರಡಬಹುದು.

ವಿದ್ಯಾರ್ಥಿಗಳು ದೇಹದ ಅಂಗಗಳ ಹೆಸರುಗಳನ್ನು ಪರೀಕ್ಷೆಗಾಗಿ ಕಲಿಯುತ್ತಾರೆ. ಮನೆಯ ಕಿರಿಯನಲ್ಲಿ ನೋವಿಲ್ಲದ ಊತ ಕಂಡಾಗ ಆ ಹೆಸರನ್ನು ಸಂಕೋಚವಿಲ್ಲದೆ ನುಡಿದು, ‘ನಾಳೆಯೇ ವೈದ್ಯರಲ್ಲಿಗೆ ಹೋಗೋಣ’ ಎಂದು ಹಿರಿಯರಿಗೆ ಹೇಳಬಲ್ಲರಾದರೆ ಕಲಿತದ್ದು ಸಾರ್ಥಕವಾಯಿತು.