ಮುದಿ ನಾಯಿಯ ತಲೆಸುತ್ತು ಮರಣಶಾಸನವಲ್ಲ

ನಿನ್ನೆಯವರೆಗೆ ಗೇಟಿನ ಸದ್ದಿಗೆ ಓಡಿ ಬರುತ್ತಿದ್ದ ಮುದಿ ನಾಯಿ ಇಂದು ಬೆಳಗ್ಗೆ ಏಳಲಾರದು. ಎದ್ದರೂ ಕುಡಿದವರಂತೆ ತೂರಾಡಿ ಒಂದೇ ಪಕ್ಕಕ್ಕೆ ಬೀಳುತ್ತದೆ. ತಲೆ ವಾರೆಯಾಗಿದೆ, ಕಣ್ಣುಗುಡ್ಡೆಗಳು ಎಡಕ್ಕೂ ಬಲಕ್ಕೂ ಹೊಯ್ದಾಡುತ್ತಿವೆ, ವಾಂತಿಯೂ ಆಗಿದೆ. ‘ಲಕ್ವ ಹೊಡೆದಿದೆ’ ಎನ್ನುತ್ತಾರೆ ಮನೆಯವರು. ‘ಹುಚ್ಚು ಹಿಡಿದಿರಬೇಕು’ ಎನ್ನುತ್ತಾರೆ ನೆರೆಯವರು. ಸಂಜೆಯಾಗುವಷ್ಟರಲ್ಲಿ ‘ನರಳುವುದು ಬೇಡ, ಇಂಜೆಕ್ಷನ್ ಕೊಡಿಸಿಬಿಡೋಣ’ ಎಂಬ ಮಾತೂ ಬಂದುಬಿಡುತ್ತದೆ. ಈ ಆತುರ ಖಂಡಿತ ಸಲ್ಲದು.

ಮನುಷ್ಯರಲ್ಲಿರುವಂತೆ ನಾಯಿಯ ಒಳಗಿವಿಯಲ್ಲೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತು ಎಂಬ ಸುದ್ದಿಯನ್ನು ಅವು ನರದ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಒಂದು ಕಿವಿಯ ಸುದ್ದಿ ಕೆಟ್ಟರೆ ಮಿದುಳಿಗೆ ಲೆಕ್ಕ ತಪ್ಪುತ್ತದೆ, ನಿಂತ ನೆಲವೇ ತಿರುಗಿದಂತಾಗುತ್ತದೆ. ವಯಸ್ಸಾದ ನಾಯಿಗಳಲ್ಲಿ ಸ್ಪಷ್ಟ ಕಾರಣವಿಲ್ಲದೆಯೇ ಹೀಗಾಗುವುದುಂಟು. ಮೊದಲ ೨–೩ ದಿನ ನೋಡಲಾಗದಷ್ಟು ತೀವ್ರವಾಗಿದ್ದು, ಆಮೇಲೆ ತಾನಾಗಿ ಇಳಿಮುಖವಾಗುವುದು ಇದರ ಲಕ್ಷಣ. ಇಂತಹ ನಾಯಿಗಳಲ್ಲಿ ಬಹುಪಾಲು ೨–೩ ವಾರಗಳಲ್ಲಿ ಮೊದಲಿನಂತೆ ಓಡಾಡುತ್ತವೆ. ಕೆಲವಕ್ಕೆ ತಲೆ ತುಸು ವಾರೆಯಾಗಿಯೇ ಉಳಿಯಬಹುದು. ಅದರಿಂದ ಬದುಕಿಗೇನೂ ತೊಂದರೆಯಿಲ್ಲ.

ಹಾಗೆಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಕಿವಿಯೊಳಗಿನ ಕೀವು, ಥೈರಾಯ್ಡ್ ಕೊರತೆ, ಮಿದುಳಿನ ಗೆಡ್ಡೆ ಅಥವಾ ಉರಿಯೂತದಿಂದಲೂ ಇದೇ ಚಿಹ್ನೆಗಳು ಕಾಣಿಸುತ್ತವೆ. ತಮಟೆ ಹರಿದ ಕಿವಿಗೆ ಹಾಕಿದ ಕೆಲವು ಹನಿಗಳಿಂದ, ಪ್ರಮಾಣ ಮೀರಿದ ಮೆಟ್ರೊನಿಡಜೋಲ್ ಮಾತ್ರೆಯಿಂದಲೂ ಸಮತೋಲನ ತಪ್ಪಬಹುದು. ನಾಯಿ ಪಾದ ಮಡಚಿಕೊಂಡು ನಿಲ್ಲುತ್ತಿದ್ದರೆ, ಕಾಲುಗಳ ಬಲ ಕುಂದಿದ್ದರೆ, ಕರೆದರೂ ಮಂಕಾಗಿದ್ದರೆ ಅಥವಾ ಕಣ್ಣುಗುಡ್ಡೆ ಮೇಲಕ್ಕೂ ಕೆಳಕ್ಕೂ ಓಡುತ್ತಿದ್ದರೆ ದೋಷ ಮಿದುಳಿನಲ್ಲೇ ಇರಬಹುದು. ಆದ್ದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸಿ, ಈಚೆಗೆ ಕೊಟ್ಟ ಔಷಧಿಗಳನ್ನೆಲ್ಲ ತಿಳಿಸಿ.

ಚಡಪಡಿಕೆಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಬಹಳ. ರಾತ್ರಿಯಿಡೀ ಅತ್ತಿತ್ತ ತಿರುಗುವ ನಾಯಿಗೆ ನಿದ್ರೆ ಮಾತ್ರೆ ಕೊಟ್ಟು ಸುಮ್ಮನಾಗಿಸುವವರಿದ್ದಾರೆ. ಚಡಪಡಿಕೆ ಒಂದು ದೂರು, ರೋಗವಲ್ಲ. ಅದರ ಹಿಂದೆ ತಲೆಸುತ್ತು, ಕೀಲುನೋವು, ಉಸಿರಾಟದ ಕಷ್ಟ ಅಥವಾ ಮುಪ್ಪಿನ ಮರೆವು ಇರಬಹುದು. ದೊಡ್ಡ ತಳಿಯ ನಾಯಿ ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಹೊರಬರದೆ ಒದ್ದಾಡುತ್ತಿದ್ದರೆ ಜಠರ ತಿರುಚಿಕೊಂಡಿರುವ ಸಾಧ್ಯತೆಯಿದೆ. ಆಗ ಬೆಳಗಾಗುವವರೆಗೆ ಕಾಯಬಾರದು.

ರೇಬೀಸ್ ಭಯವನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ನಾಯಿಗೆ ಲಸಿಕೆ ಹಾಕಿಸಿಲ್ಲದಿದ್ದರೆ, ಸ್ವಭಾವ ಬದಲಾಗಿ, ಜೊಲ್ಲು ಸುರಿದು, ನುಂಗಲಾಗದೆ, ಬೊಗಳುವ ದನಿಯೂ ಬದಲಾಗಿದ್ದರೆ ಬಾಯಿಗೆ ಕೈ ಹಾಕಬೇಡಿ. ಬೇರೆಯಾಗಿ ಕೂಡಿಹಾಕಿ ವೈದ್ಯರಿಗೆ ತಿಳಿಸಿ. ಕಚ್ಚಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದ್ದರೆ ೧೫ ನಿಮಿಷ ಸೋಪು ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸಿದ್ದರೆ ಈ ಆತಂಕ ಬಹುಮಟ್ಟಿಗೆ ತಪ್ಪುತ್ತದೆ.

ತಲೆಸುತ್ತಿನ ದಿನಗಳಲ್ಲಿ ಮನೆಯ ಆರೈಕೆಯೇ ದೊಡ್ಡ ಔಷಧಿ. ನುಣುಪಾದ ನೆಲದ ಮೇಲೆ ಗೋಣಿತಾಟು ಅಥವಾ ಜಮಖಾನ ಹಾಸಿ. ಮೆಟ್ಟಿಲಿಗೆ ಅಡ್ಡ ಇಡಿ. ನುಂಗಲು ತೊಂದರೆ ಇಲ್ಲದಿದ್ದರೆ, ತಲೆ ಎತ್ತಿ ಕೂರಿಸಿ ನೀರು, ಮೆತ್ತಗಿನ ಅನ್ನವನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ರಾತ್ರಿ ಸಣ್ಣ ದೀಪ ಉರಿಯಲಿ. ನಿಮ್ಮ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬೇಡಿ, ಅವು ನಾಯಿಗೆ ವಿಷವಾಗಬಲ್ಲವು.

ಗುಣವಾಗದ ಕಾಯಿಲೆಯಿಂದ ನರಳುವ ಪ್ರಾಣಿಗೆ ದಯಾಮರಣ ಕೊಡಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ತೀರ್ಮಾನ ವೈದ್ಯರ ಪರೀಕ್ಷೆಯ ನಂತರ ಬರಬೇಕೇ ಹೊರತು ಮೊದಲ ದಿನದ ಗಾಬರಿಯಲ್ಲಲ್ಲ. ಹತ್ತು ಹನ್ನೆರಡು ವರ್ಷ ಮನೆ ಕಾದ ಜೀವಕ್ಕಾಗಿ ನಾವು ಕೆಲವು ದಿನ ಕಾಯುವುದು ಹೆಚ್ಚೇನಲ್ಲ.