ಮೋಟಾರು ತಿರುಗಿತೇ? ಅದು ಕೊನೆಯ ಪ್ರಶ್ನೆ



ವಿಜ್ಞಾನ ಮೇಳಕ್ಕೆ ಮಾದರಿ ಮಾಡಬೇಕೆಂದಾಗ ನಿಮ್ಮಲ್ಲಿ ಹಲವರ ಕಣ್ಣು ಗುಜರಿಗೆ ಎತ್ತಿಟ್ಟ ಹಳೆಯ ಮಿಕ್ಸಿಯ ಮೇಲೆ ಬೀಳುತ್ತದೆ. ಒಳಗಿನ ಮೋಟಾರನ್ನು ಬಿಚ್ಚಿ ತೆಗೆದದ್ದೂ ಆಯಿತು. ಮುಂದೇನು? ಎರಡು ವೈರುಗಳ ತುದಿ ಸುಲಿದು, ಗೋಡೆಯ ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಸ್ವಿಚ್ ಒತ್ತುವುದು! ಇದನ್ನು ‘ಪರೀಕ್ಷೆ’ ಎನ್ನಲು ನಾನು ಒಪ್ಪುವುದಿಲ್ಲ. ಇದು ಪ್ರಾಣವನ್ನೇ ಪಣಕ್ಕಿಟ್ಟು ಆಡುವ ಜೂಜು.

ಹಾಗೆಂದು, “ಅದನ್ನೆಲ್ಲ ಮುಟ್ಟಬೇಡ” ಎಂದು ಗದರಿಸಿ ಮುಗಿಸುವ ದೊಡ್ಡವರ ಮಾತೂ ನನಗೆ ಒಪ್ಪಿಗೆಯಿಲ್ಲ. ಮುಟ್ಟದೆ ಕಲಿಯುವುದು ಹೇಗೆ? ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್. ಟಾರ್ಚ್ ಸೆಲ್ಲಿನಲ್ಲಿರುವುದು ಕೇವಲ 1.5 ವೋಲ್ಟ್. ಮೋಟಾರಿನ ಬಗ್ಗೆ ತಿಳಿಯಬೇಕಾದ ಎಷ್ಟೋ ಸಂಗತಿಗಳನ್ನು ಸೆಲ್ಲುಗಳೇ ಹೇಳಿಕೊಡುತ್ತವೆ.

ಮೂರು ಸೆಲ್ಲು, ಒಂದು ಎಲ್‌ಇಡಿ, 220 ಓಮಿನ ಒಂದು ರೆಸಿಸ್ಟರ್ ತೆಗೆದುಕೊಂಡು ಒಂದರ ಹಿಂದೆ ಒಂದರಂತೆ ಜೋಡಿಸಿ. ಎಲ್‌ಇಡಿಯ ಉದ್ದನೆಯ ಕಾಲು ಸೆಲ್ಲುಗಳ ಧನ ತುದಿಯ ಕಡೆಗಿರಲಿ. ಕೊನೆಯಲ್ಲಿ ಉಳಿಯುವ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬೆಳಕು ಬಂದರೆ ನಿಮ್ಮ ಪರೀಕ್ಷಕ ಸಿದ್ಧ.

ಮೊದಲು, ಪ್ಲಗ್ಗಿರುವ ವೈರನ್ನು ಮೋಟಾರಿನಿಂದ ಪೂರ್ತಿ ಬೇರ್ಪಡಿಸಿ. ಈಗ ಪರೀಕ್ಷಕದ ತಂತಿಗಳನ್ನು ಮೋಟಾರಿನ ಎರಡು ತುದಿಗಳಿಗೆ ತಾಗಿಸಿ. ಎಲ್‌ಇಡಿ ಹೊತ್ತಿದರೆ ಒಳಗಿನ ದಾರಿ ತುಂಡಾಗಿಲ್ಲ. ಹೊತ್ತದಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು, ಇಲ್ಲವೇ ಸುರುಳಿಯ ತಂತಿ ಕಡಿದಿರಬಹುದು.

ಎರಡನೆಯದು ಇನ್ನೂ ಮುಖ್ಯ. ಒಂದು ತಂತಿಯನ್ನು ಮೋಟಾರಿನ ತುದಿಗೆ, ಇನ್ನೊಂದನ್ನು ಅದರ ಕಬ್ಬಿಣದ ಮೈಗೆ ತಾಗಿಸಿ. ಇಲ್ಲಿ ಎಲ್‌ಇಡಿ ಹೊತ್ತಲೇಬಾರದು! ಹೊತ್ತಿದರೆ ಸುರುಳಿ ಮೈಗೆ ತಾಗಿದೆ ಎಂದರ್ಥ. ಆ ಮೋಟಾರು ಗುಜರಿಗೇ ಹೋಗಲಿ.

ಹೊತ್ತದಿದ್ದರೆ ಗೋಡೆಗೆ ಸಿಕ್ಕಿಸಬಹುದೇ? ಇಲ್ಲ. ತಂತಿಯ ಮೇಲಿನ ವಾರ್ನಿಷ್ ಲೇಪ ಹಳೆಯದಾಗಿದ್ದರೆ 4.5 ವೋಲ್ಟನ್ನು ತಡೆದು, 230 ವೋಲ್ಟಿಗೆ ಸೋಲಬಹುದು. ಅದಕ್ಕೇ ಬಲ್ಲವರು ‘ಮೆಗ್ಗರ್’ ಎಂಬ ಉಪಕರಣದಿಂದ 500 ವೋಲ್ಟ್ ಕೊಟ್ಟು ನೋಡುತ್ತಾರೆ.

“ಫ್ಯೂಸ್ ಇದೆಯಲ್ಲ ಸಾರ್?” ಎಂದು ನೀವು ಕೇಳಬಹುದು. ಫ್ಯೂಸ್ ಕಾಯುವುದು ವೈರನ್ನು, ನಿಮ್ಮನ್ನಲ್ಲ. ಅದು ಹಾರಿಹೋಗಲು ಹಲವು ಆಂಪಿಯರ್ ವಿದ್ಯುತ್ ಬೇಕು. ನಮ್ಮ ದೇಹದ ಮೂಲಕ 0.03 ಆಂಪಿಯರ್ ಹರಿದರೂ ಪ್ರಾಣಾಪಾಯ ಉಂಟಾಗಬಹುದು. ಎಲೆಕ್ಟ್ರೀಷಿಯನ್ನರು ಮೋಟಾರಿನೊಂದಿಗೆ ಸಾಲಾಗಿ ಜೋಡಿಸುವ ಸೀರೀಸ್ ಬಲ್ಬು ಕೂಡ ಒಳಗಿನ ಶಾರ್ಟ್ ಅನ್ನು ತೋರಿಸುತ್ತದೆಯೇ ಹೊರತು ಶಾಕ್ ತಡೆಯುವುದಿಲ್ಲ. ಅಲ್ಲದೆ, ಹೊರೆಯಿಲ್ಲದ ಮಿಕ್ಸಿ ಮೋಟಾರು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಬಿಗಿಯಾಗಿ ಕೂರಿಸದಿದ್ದರೆ ಮೇಜಿನಿಂದಲೇ ಹಾರೀತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಸೆಲ್ಲಿನ ಪರೀಕ್ಷೆಗಳೆಲ್ಲ ನಿಮ್ಮವು, ಗೋಡೆಯ ಕರೆಂಟು ಎಲೆಕ್ಟ್ರೀಷಿಯನ್ನರದು. ಮೈಗೆ ಅರ್ಥ್ ವೈರ್ ಜೋಡಿಸಿ, ಮೂರು ಪಿನ್ನಿನ ಪ್ಲಗ್ ಹಾಕಿ ಅವರು ಓಡಿಸುವಾಗ ದೂರ ನಿಂತು ನೋಡಿ. ಪ್ರಶ್ನೆಗಳನ್ನು ಮಾತ್ರ ಬಿಡದೆ ಕೇಳಿ!