ರಸ್ತೆ ಯಾರಪ್ಪನ ಸ್ವತ್ತು?

ಚಿತ್ರದುರ್ಗದ ಗಾಂಧಿ ಸರ್ಕಲ್ಲಿನಲ್ಲಿ ಸಂಜೆ ಐದೂವರೆಗೆ ಒಂದು ಹತ್ತು ನಿಮಿಷ ನಿಂತು ನೋಡಿ. ಕಾರಿನ ಹಿಂದೆ ಕಾರು. ಒಂದೊಂದರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಅವುಗಳ ನಡುವೆ ಸಿಕ್ಕಿಕೊಂಡ ಒಂದು ಬಸ್ಸು. ಅದರೊಳಗೆ ಹೊಳಲ್ಕೆರೆ ಕಡೆಯ ಕಾಲೇಜು ಹುಡುಗಿಯರು, ಜಿಲ್ಲಾಸ್ಪತ್ರೆಗೆ ಬಂದು ವಾಪಸು ಹೊರಟ ಮುದುಕರು, ಗಾರೆ ಕೆಲಸ ಮುಗಿಸಿ ಸಿಮೆಂಟಿನ ಕೈಯಲ್ಲೇ ಕಂಬಿ ಹಿಡಿದು ನೇತಾಡುವವರು, ಎಲ್ಲ ಸೇರಿ ಎಂಬತ್ತು ಜನ. ಕಾರಿನೊಳಗಿನವನು ಹಾರನ್ ಬಾರಿಸುತ್ತಾನೆ. "ಏನ್ ಟ್ರಾಫಿಕ್ ಆಗೋಯ್ತು ಕಣ್ರೀ, ರಸ್ತೆ ಅಗಲ ಮಾಡ್ಬೇಕು" ಅನ್ನುತ್ತಾನೆ. ಮಾರನೇ ದಿನ ಅದೇ ಮಾತು ಪತ್ರಿಕೆಯಲ್ಲಿ ಬರುತ್ತದೆ, ಅದೇ ಮಾತು ನಗರಸಭೆಯಲ್ಲಿ ಕೇಳುತ್ತದೆ. ಬಸ್ಸಿನೊಳಗಿನ ಎಂಬತ್ತು ಜನರ ಮಾತು ಎಲ್ಲೂ ಬರುವುದಿಲ್ಲ.

ನಾವು ಆ ಎಂಬತ್ತರೊಳಗೆ ನಿಂತುಕೊಂಡೇ ಕೇಳುತ್ತಿದ್ದೇವೆ: ಈ ರಸ್ತೆ ಯಾರಪ್ಪನ ಸ್ವತ್ತು?

ಲೆಕ್ಕ ಸರಳ, ಮೂರನೇ ಕ್ಲಾಸಿನ ಮಕ್ಕಳೂ ಮಾಡಬಹುದು. ಐವತ್ತು ಜನ ಕೂತು ಹೋಗುವ ಬಸ್ಸಿಗೆ ಹತ್ತು ಹನ್ನೊಂದು ಮೀಟರ್ ಜಾಗ ಸಾಕು. ಅದೇ ಐವತ್ತು ಜನ ಇಬ್ಬಿಬ್ಬರಂತೆ ಕಾರು ಹತ್ತಿದರೆ ಇಪ್ಪತ್ತೈದು ಕಾರು. ಬಂಪರಿಗೆ ಬಂಪರು ತಾಗಿಸಿ ನಿಲ್ಲಿಸಿದರೂ ನೂರು ಮೀಟರ್ ರಸ್ತೆ ಬೇಕು. ಹಾಗಾದರೆ ಒತ್ತುವರಿ ಮಾಡಿದವರು ಯಾರು? ಬುಟ್ಟಿಯಲ್ಲಿ ಸೊಪ್ಪು ಇಟ್ಟುಕೊಂಡು ರಸ್ತೆ ಪಕ್ಕ ಕೂತ ಹೆಂಗಸೋ, ಖಾಲಿ ಸೀಟುಗಳನ್ನು ಮೆರವಣಿಗೆ ಮಾಡಿಸುವ ಸಾಹುಕಾರನೋ?

ದಲಿತರಿಗೆ ರಸ್ತೆ ಎಂದೂ ಬರೀ ಡಾಂಬರಾಗಿರಲಿಲ್ಲ. ಕೇರಿಯವರು ನಡೆಯಬಾರದ ಬೀದಿಗಳಿದ್ದವು, ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಾದ ಬೀದಿಗಳಿದ್ದವು. 1893ರಲ್ಲಿ ತಿರುವಾಂಕೂರಿನ ಅಯ್ಯನ್‌ಕಾಳಿ ತಲೆಗೆ ರುಮಾಲು ಸುತ್ತಿ, ಎತ್ತಿನ ಬಂಡಿ ಏರಿ ಸಾರ್ವಜನಿಕ ರಸ್ತೆಯಲ್ಲಿ ಹೊರಟದ್ದೇ ಒಂದು ದಂಗೆ. 1929ರಲ್ಲಿ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದ ಬಾಬಾಸಾಹೇಬರಿಗೆ ಟಾಂಗಾ ಹೊಡೆಯಲು ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಮಹಾರನನ್ನು ಕೂರಿಸಿಕೊಂಡು ಗಾಡಿ ಹೊಡೆದರೆ ಮಾನ ಹೋಗುತ್ತದೆ ಎಂದರು. ಕೊನೆಗೆ ಗಾಡಿ ಹೊಡೆದು ರೂಢಿಯಿಲ್ಲದ ಕೇರಿಯವನೊಬ್ಬ ಲಗಾಮು ಹಿಡಿದ. ಗಾಡಿ ಮೋರಿಯ ಹತ್ತಿರ ಅಪಘಾತಕ್ಕೆ ಸಿಕ್ಕಿತು, ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಆಗ ಅವರು ಬ್ಯಾರಿಸ್ಟರ್ ಆಗಿದ್ದರು, ಲಂಡನ್ನಿನಲ್ಲಿ ಓದಿ ಬಂದವರು. ಓದೂ ಅವರಿಗೆ ಒಂದು ಗಾಡಿ ಕೊಡಿಸಲಿಲ್ಲ.

"ಅದೆಲ್ಲ ಹಳೇ ಕಾಲ, ಈಗ ದುಡ್ಡಿದ್ದರೆ ಯಾರು ಬೇಕಾದರೂ ಕಾರು ತಗೊಳ್ಳಬಹುದು" ಎನ್ನುವವರಿಗೆ 2019ರ ಸೆಪ್ಟೆಂಬರ್ ನೆನಪಿಸುತ್ತೇವೆ. ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೇ ಸೇರಿದ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಆಗಿನ ಸಂಸದ ಎ. ನಾರಾಯಣಸ್ವಾಮಿ ಹೋದರು. ಜನ ಓಟು ಹಾಕಿ ಗೆಲ್ಲಿಸಿದ ಸಂಸದ. ದಲಿತರೆಂದು ಹಟ್ಟಿಯೊಳಗೆ ಬಿಡಲಿಲ್ಲ. ಹೊರಗೆ ಕುರ್ಚಿ ಹಾಕಿ ಕೂರಿಸಿ ವಾಪಸು ಕಳಿಸಿದರು. ಸರ್ಕಾರಿ ಕಾರು ಕೂಡ ಜಾತಿಯ ಗಡಿ ದಾಟಿಸಲಿಲ್ಲ. ಆದ್ದರಿಂದ ಕಾರು ಬಂದರೆ ವಿಮೋಚನೆ ಬಂತು ಎಂಬ ಮಾತನ್ನು ನಮ್ಮ ಮುಂದೆ ಹೇಳಬೇಡಿ.

ಈಗ ನಮ್ಮ ಜಿಲ್ಲೆಯ ರಸ್ತೆಗಳ ಕಥೆ. ಹಳಬರು ಪೂನಾ–ಬೆಂಗಳೂರು ರಸ್ತೆ ಎನ್ನುತ್ತಿದ್ದ, ಆಮೇಲೆ ನಂಬರ್ 4 ಆಗಿದ್ದ, ಈಗ ನಂಬರ್ 48 ಆಗಿರುವ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳ ಮೈಮೇಲೆಯೇ ಹಾದು ಹೋಗುತ್ತದೆ. ಮೊದಲು ನಾಲ್ಕು ಪಥ ಬಂತು. ಆಮೇಲೆ ತುಮಕೂರಿನಿಂದ ಚಿತ್ರದುರ್ಗದವರೆಗಿನ 114 ಕಿಲೋಮೀಟರಿಗೆ ಆರು ಪಥ ಬಂತು, ಟೋಲ್ ಬಂತು. ಅದೇ ಕಾಲದಲ್ಲಿ, 2011-12ರ ರೈಲ್ವೆ ಬಜೆಟ್ಟಿನಲ್ಲಿ, ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗವೂ ಮಂಜೂರಾಯಿತು. ರಸ್ತೆ ಮುಗಿದು, ಸವೆದು, ಮತ್ತೆ ಡಾಂಬರು ಕಂಡಿತು. ರೈಲು? ಹಿರಿಯೂರಿನ ಮಕ್ಕಳು ಇನ್ನೂ ತಮ್ಮೂರಿನ ರೈಲನ್ನು ಚಿತ್ರದಲ್ಲಿ ಬರೆಯಬೇಕಾಗಿದೆ. ಹೊಸದುರ್ಗದ ಹೆಸರಿನಲ್ಲಿ ಒಂದು ಸ್ಟೇಷನ್ ಇದೆ, 'ಹೊಸದುರ್ಗ ರೋಡ್' ಅಂತ. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಹೊಸದುರ್ಗ ಮುಟ್ಟಲು ಇನ್ನೂ ಮೈಲಿಗಟ್ಟಲೆ ರೋಡಿದೆ ಎಂದು ಆ ಹೆಸರೇ ಹೇಳುತ್ತದೆ. ಭೂಮಿ ಸ್ವಾಧೀನ ಕಷ್ಟ, ದುಡ್ಡು ಸಾಲದು ಎನ್ನುತ್ತಾರೆ. ಹೆದ್ದಾರಿಗೆ ಭೂಮಿ ಎಲ್ಲಿಂದ ಸಿಕ್ಕಿತು ಸ್ವಾಮಿ?

ಇನ್ನೂ ಎರಡು ಲೆಕ್ಕ ಕೇಳಿ. 2025ರ ಆಗಸ್ಟ್ 15ರಿಂದ, ಸ್ವಾತಂತ್ರ್ಯದ ದಿನವೇ, ಖಾಸಗಿ ಕಾರು ಜೀಪುಗಳಿಗೆ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸು ಬಂತು. ಶುರುವಿನಲ್ಲಿ 3,000 ರೂಪಾಯಿಗೆ 200 ಸಲ ರಾಷ್ಟ್ರೀಯ ಹೆದ್ದಾರಿಯ ಟೋಲ್ ದಾಟಬಹುದು, ಅಂದರೆ ಸಲಕ್ಕೆ 15 ರೂಪಾಯಿ. ಬಸ್ಸಿಗೆ ಈ ಪಾಸಿಲ್ಲ. ಒಬ್ಬನನ್ನು ಹೊತ್ತ ಕಾರಿಗೆ ರಿಯಾಯಿತಿ, ಐವತ್ತು ಜನರನ್ನು ಹೊತ್ತ ಬಸ್ಸಿಗೆ ಪೂರ್ತಿ ಸುಂಕ. ಎರಡನೆಯದು, 2025ರ ಜನವರಿ 5ರಿಂದ ರಾಜ್ಯದ ಸಾರಿಗೆ ಬಸ್ಸಿನ ಟಿಕೆಟ್ ಶೇಕಡಾ 15ರಷ್ಟು ಏರಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಬಸ್ಸು ಕೊಳ್ಳುವ ತೆರಿಗೆಯೂ ಆಗಲೇ ಇಳಿಯಿತು, ನಿಜ. ಆದರೆ ಕಾರಿನ ರೇಟು ಇಳಿದದ್ದು ಪೇಪರಿನ ಮುಖಪುಟದಲ್ಲಿ ಬಂತು, ಟಿಕೆಟ್ಟಿನ ರೇಟು ಇಳಿದದ್ದನ್ನು ನಾವು ಕಾಣಲಿಲ್ಲ. ಒಂದನ್ನು ದೆಹಲಿ ಮಾಡಿತು, ಇನ್ನೊಂದನ್ನು ಬೆಂಗಳೂರು ಮಾಡಿತು. ಪಕ್ಷ ಬೇರೆ, ಬಾವುಟ ಬೇರೆ, ಕಾರಿನವರ ಮೇಲಿನ ಪ್ರೀತಿ ಮಾತ್ರ ಒಂದೇ.

"ಹೆಂಗಸರಿಗೆ ಫ್ರೀ ಬಸ್ ಕೊಟ್ಟಿಲ್ಲವಾ?" ಎಂದು ಕೇಳುತ್ತಾರೆ. ಕೊಟ್ಟಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಅದನ್ನು ನಾವು ಸ್ವಾಗತಿಸುತ್ತೇವೆ. ಅದನ್ನು ಗೇಲಿ ಮಾಡುವವರ ಜೊತೆ ಜಗಳಕ್ಕೂ ಸಿದ್ಧ. ಗಂಡನ ಮುಂದೆ ಕೈಚಾಚದೆ ಕೂಲಿಗೆ, ಆಸ್ಪತ್ರೆಗೆ, ತವರಿಗೆ ಹೋಗಿ ಬರುವುದು ಸಣ್ಣ ಮಾತಲ್ಲ. ಆದರೆ ಶಕ್ತಿ ನಡೆಯುವುದು ಸಾರಿಗೆ ನಿಗಮದ ಬಸ್ಸಿನಲ್ಲಿ ಮಾತ್ರ. ಹೊಸದುರ್ಗ, ಹೊಳಲ್ಕೆರೆ ಕಡೆಯ ಎಷ್ಟೋ ಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸು. ಅಲ್ಲಿಯ ತಾಯಂದಿರ ಕೈಯಲ್ಲಿರುವ ಆಧಾರ್ ಕಾರ್ಡು ನೋಡಿ ಕಂಡಕ್ಟರು ಹೇಳುತ್ತಾನೆ: "ಇದು ಪ್ರೈವೇಟು ಕಣಮ್ಮ, ಫ್ರೀ ಇಲ್ಲ, ಕಾಸು ತೆಗಿ." ಅವನ ಮೇಲೆ ನಮಗೆ ಸಿಟ್ಟಿಲ್ಲ. ದಿನಗೂಲಿಯ ಮೇಲೆ ದುಡಿಯುವ ಅವನೂ ನಮ್ಮವನೇ. ಸಿಟ್ಟು ಇರುವುದು ಹಕ್ಕನ್ನು ಕೊಟ್ಟು, ಹಕ್ಕು ಏರಿ ಬರಬೇಕಾದ ಬಸ್ಸನ್ನು ಕೊಡದವರ ಮೇಲೆ.

ಬಸ್ಸು ಬಂದರೂ ಎಲ್ಲಿ ನಿಲ್ಲುತ್ತದೆ? ಊರ ಮುಂದಿನ ಅರಳೀಕಟ್ಟೆ ಹತ್ತಿರ ನಿಲ್ಲುತ್ತದೆ, ಗುಡಿ ಹತ್ತಿರ ನಿಲ್ಲುತ್ತದೆ. ಕೇರಿ ಊರಾಚೆ. ಹಟ್ಟಿ, ತಾಂಡಾಗಳು ಇನ್ನೂ ಆಚೆ. "ಇಲ್ಲಿ ಸ್ಟಾಪಿಲ್ಲ, ಮುಂದೆ ಇಳ್ಕಳ್ರಿ" ಎಂಬ ಮಾತು ಕೇಳಿಕೊಂಡೇ ನಾವು ಓದಿದ್ದು. ಕತ್ತಲಾದ ಮೇಲೆ ಇಳಿದು ಒಂದೂವರೆ ಮೈಲಿ ಹಿಂದಕ್ಕೆ ನಡೆದದ್ದು ಎಷ್ಟು ಸಲವೋ. ಗಂಡು ಹುಡುಗರು ನಡೆದೆವು, ಓದಿದೆವು. ನಮ್ಮ ಜೊತೆ ಹತ್ತನೇ ಕ್ಲಾಸು ಪಾಸಾದ ಹುಡುಗಿಯರ ಓದು ಆ ಒಂದೂವರೆ ಮೈಲಿಯಲ್ಲೇ ಮುಗಿಯಿತು. ಮೇಷ್ಟ್ರುಗಳೇ, ನಿಮ್ಮ ಹಾಜರಿ ಪುಸ್ತಕ ತೆಗೆದು ನೋಡಿ. ಶಾಲೆ ಬಿಟ್ಟ ಕಾರಣದ ಕಾಲಮ್ಮಿನಲ್ಲಿ 'ಬಡತನ' ಎಂದು ಬರೆದಿರುತ್ತೀರಿ. ಅದರಲ್ಲಿ ಎಷ್ಟು ಕಡೆ 'ಬಸ್ಸಿಲ್ಲ' ಎಂದು ಬರೆಯಬೇಕಿತ್ತು?

ಬಸ್ಸಿಲ್ಲದ ಕಡೆ ಏನಾಗುತ್ತದೆ? ಅಡಿಕೆ ಸುಲಿಯಲು, ಈರುಳ್ಳಿ ಕೀಳಲು ಹೋಗುವ ಹೆಂಗಸರನ್ನು ಲಗೇಜು ಗಾಡಿಯಲ್ಲಿ ಮೂಟೆಯ ಹಾಗೆ ತುಂಬುತ್ತಾರೆ. 2022ರ ಆಗಸ್ಟ್ 25ರ ಬೆಳಗಿನ ಜಾವ, ಹಿರಿಯೂರು ದಾಟಿದರೆ ಸಿಗುವ ಶಿರಾ ತಾಲ್ಲೂಕಿನಲ್ಲಿ, ಇದೇ ಹೆದ್ದಾರಿಯಲ್ಲಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರ ಕ್ರೂಸರ್ ಲಾರಿಗೆ ಬಡಿಯಿತು. ಒಂದು ಜೀಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಒಂಬತ್ತು ಜನ ಸತ್ತರು. ಮಾರನೇ ದಿನ ಎಲ್ಲರೂ ಬರೆದದ್ದು 'ಓವರ್‌ಲೋಡ್' ಎಂದು. ಹೊಟ್ಟೆಪಾಡಿಗೆ ಊರು ಬಿಡುವವರನ್ನು ಆ ಜೀಪಿನೊಳಗೆ ತುಂಬಿದವರು ಯಾರೆಂದು ಯಾರೂ ಕೇಳಲಿಲ್ಲ.

ಹೀಗೇ ಇರಬೇಕೆಂದು ಬ್ರಹ್ಮ ಬರೆದಿಲ್ಲ. 1976ರಲ್ಲಿ, ದೇವರಾಜ ಅರಸರ ಸರ್ಕಾರವಿದ್ದಾಗ, ಕಾಂಟ್ರ್ಯಾಕ್ಟ್ ಕ್ಯಾರೇಜ್ ಬಸ್ಸುಗಳನ್ನು ರಾಜ್ಯವೇ ವಶಪಡಿಸಿಕೊಳ್ಳುವ ಕಾನೂನು ಬಂತು. ಬಸ್ಸಿನ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1977ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. 2003ರಲ್ಲಿ ಅದನ್ನು ರದ್ದುಮಾಡಿದರು. ಇಂದು ಹೆದ್ದಾರಿಯಲ್ಲಿ ರಾತ್ರಿಯಿಡೀ ಹವಾನಿಯಂತ್ರಿತ ಸ್ಲೀಪರ್ ಬಸ್ಸುಗಳು ನಮ್ಮ ಹಳ್ಳಿಗಳ ಕಡೆ ತಿರುಗಿಯೂ ನೋಡದೆ ಹಾರಿಹೋಗುತ್ತವೆ. ಲಾಭವಿರುವ ದಾರಿ ಅವರಿಗೆ, ನಷ್ಟದ ದಾರಿ ನಿಗಮಕ್ಕೆ. ಆಮೇಲೆ ನಿಗಮ ನಷ್ಟದಲ್ಲಿದೆ ಎಂದು ಅದನ್ನೇ ಬೈಯುವುದು!

ಇದೇ ಪೂನಾ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಹುಬ್ಬಳ್ಳಿ–ಧಾರವಾಡ. ಅಲ್ಲಿ ಸುಮಾರು 22 ಕಿಲೋಮೀಟರು ಬಸ್ಸಿಗೇ ಬೇರೆ ದಾರಿ ಬಿಟ್ಟರು. 2018ರ ಅಕ್ಟೋಬರಿನಲ್ಲಿ ಬಸ್ಸು ಓಡಲು ಶುರುವಾಯಿತು. ಅದರಲ್ಲಿ ಕುಂದುಗಳಿದ್ದವು. ನಡೆದು ದಾಟುವವರಿಗೆ ತ್ರಾಸವಿತ್ತು, ಅದನ್ನು ತಿದ್ದಬೇಕಿತ್ತು. ಆದರೆ ಎದ್ದ ಕೂಗೇ ಬೇರೆ: "ಬಸ್ಸಿಗೆ ಯಾಕೆ ಮೀಸಲು? ಎಲ್ಲರಿಗೂ ಬಿಡಿ!" ಈ ಕೂಗನ್ನು ನಾವು ಎಲ್ಲೋ ಕೇಳಿದ್ದೇವಲ್ಲ ಗೆಳೆಯರೇ? ಮೆಡಿಕಲ್ ಸೀಟಿನ ಮುಂದೆ ಕೇಳಿದ್ದೇವೆ, ನೌಕರಿಯ ಮುಂದೆ ಕೇಳಿದ್ದೇವೆ. ಸಾವಿರ ವರ್ಷ ಇಡೀ ದಾರಿಯನ್ನು ತಮಗೇ ಮೀಸಲಿಟ್ಟುಕೊಂಡವರಿಗೆ ಒಂದು ಪಥ ಬೇರೆಯವರಿಗೆ ಹೋದ ಕೂಡಲೇ 'ಎಲ್ಲರೂ ಸಮಾನರು' ಎಂಬ ಮಂತ್ರ ನೆನಪಾಗುತ್ತದೆ. ರಸ್ತೆ ಬದಿಯಲ್ಲಿ ಹಗಲಿಡೀ ಪುಕ್ಕಟೆ ನಿಲ್ಲುವ ಕಾರು ಅನುಭವಿಸುವುದು ಮೀಸಲಾತಿಯಲ್ಲದೆ ಇನ್ನೇನು? ಅದಕ್ಕೆ ಮಾತ್ರ ಯಾರೂ 'ಮೆರಿಟ್' ಕೇಳುವುದಿಲ್ಲ.

ದಕ್ಷಿಣಕ್ಕೆ ಬೆಂಗಳೂರು. ಅಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಕಾರುಗಳಿಗಾಗಿ ನೆಲದೊಳಗೆ ಸುರಂಗ ಕೊರೆಯುವ ಯೋಜನೆ ಹಾಕಿದರು, ಅಂದಾಜು ಹದಿನೇಳು ಸಾವಿರ ಕೋಟಿ. ಅಗಲ ಮಾಡಿದಷ್ಟೂ ರಸ್ತೆ ತುಂಬುತ್ತದೆ ಎಂಬುದನ್ನು ಅಮೆರಿಕದ ಹ್ಯೂಸ್ಟನ್ನಿನವರು ಇಪ್ಪತ್ತಕ್ಕೂ ಹೆಚ್ಚು ಪಥದ ಹೆದ್ದಾರಿ ಕಟ್ಟಿ, ಮತ್ತೆ ಅದರಲ್ಲೇ ಸಿಕ್ಕಿಬಿದ್ದು ಕಲಿತರು. ನಾವು ಅದೇ ಪಾಠವನ್ನು ಸಾಲ ಮಾಡಿ ಕಲಿಯಬೇಕೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆ? ಚಿತ್ರದುರ್ಗ ಇನ್ನೂ ಬೆಂಗಳೂರಾಗಿಲ್ಲ. ಬೆಂಗಳೂರಿನ ತಪ್ಪನ್ನು ತಪ್ಪಿಸಿಕೊಳ್ಳಲು ನಮಗೆ ಇನ್ನೂ ಹೊತ್ತಿದೆ.

ಕೊನೆಗೆ ನಮ್ಮ ಮನೆಯ ಮಾತು. ನಮ್ಮಲ್ಲೂ ನೌಕರಿ ಸಿಕ್ಕವರು, ಸಂಘಟನೆಯಲ್ಲಿ ಮುಖಂಡರಾದವರು ಕಾರು ಕೊಂಡಿದ್ದಾರೆ. ಕೊಳ್ಳಲಿ. ಟಾಂಗಾ ನಿರಾಕರಿಸಿಕೊಂಡವರ ಮಕ್ಕಳು ಕಾರು ಏರಿದರೆ ನಮಗೂ ಹೆಮ್ಮೆಯೇ. ಆದರೆ ಕಾರಿನ ಗಾಜು ಏರಿಸಿದ ಮೇಲೆ ಕೇರಿಯ ಮುಂದೆ ಕೈ ಅಡ್ಡ ಹಾಕಿ ನಿಂತ ಅವ್ವ ಕಾಣದೆ ಹೋದರೆ ಆ ಹೆಮ್ಮೆ ಯಾವ ಲೆಕ್ಕ? 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಊರಿನ ಕರಿಯರು 381 ದಿನ ಬಸ್ಸು ಹತ್ತಲಿಲ್ಲ. ಆಗ ಅವರಲ್ಲಿ ಕಾರಿದ್ದವರು ತಮ್ಮ ಕಾರುಗಳಲ್ಲಿ ನಡೆಯುವವರನ್ನು ಹತ್ತಿಸಿಕೊಂಡರು. ಕಾರಿಗೂ ಒಂದು ಮಾನ ಬಂದದ್ದು ಆಗ.

ನಮ್ಮ ಬೇಡಿಕೆಗಳು ಇಷ್ಟೇ:

ಒಂದು, ಪ್ರತಿ ಕೇರಿ, ಹಟ್ಟಿ, ತಾಂಡಾದ ಮುಂದೆ ಬಸ್ಸು ನಿಲ್ಲಬೇಕು, ಅಲ್ಲೊಂದು ದೀಪ, ಒಂದು ಸೂರು ಇರಬೇಕು.

ಎರಡು, ಖಾಸಗಿ ಬಸ್ಸು ಮಾತ್ರ ಹೋಗುವ ದಾರಿಗಳಿಗೆ ಸಾರಿಗೆ ನಿಗಮದ ಬಸ್ಸು ಬರಬೇಕು. ಬರುವವರೆಗೆ ಖಾಸಗಿ ಬಸ್ಸಿನಲ್ಲಿ ಹೋಗುವ ಹೆಂಗಸರ ಟಿಕೆಟ್ಟನ್ನು ಸರ್ಕಾರವೇ ಭರಿಸಬೇಕು.

ಮೂರು, ಕಾಲೇಜು ಬಿಡುವ ಹೊತ್ತಿಗೆ ಮತ್ತು ಕತ್ತಲಾದ ಮೇಲೆ ಒಂದು ಕಡೆಯ ಬಸ್ಸು ಇರಲೇಬೇಕು.

ನಾಲ್ಕು, ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಿ ಮೊದಲ ಜಾಗ ನಡೆಯುವವರಿಗೆ, ಎರಡನೆಯದು ಬಸ್ಸಿಗೆ, ಉಳಿದದ್ದು ಕಾರಿಗೆ. ನಿಲ್ಲುವ ಕಾರು ಬಾಡಿಗೆ ಕೊಡಲಿ, ಆ ದುಡ್ಡು ಬಸ್ಸಿಗೆ ಹೋಗಲಿ.

ಐದು, ರಸ್ತೆ ಅಗಲ ಮಾಡುವ ನೆಪದಲ್ಲಿ ತಳ್ಳುಗಾಡಿಯವರನ್ನು ಎತ್ತಂಗಡಿ ಮಾಡಕೂಡದು. ಅವರಿಗಾಗಿ 2014ರ ಕಾನೂನು ಇದೆ. ಓದಿಕೊಂಡು ಬನ್ನಿ.

ಇದನ್ನು ಓದಿದವರು ಅರ್ಜಿ ಬರೆದು ಸುಮ್ಮನಾಗಬೇಡಿ. ನಿಮ್ಮ ಊರಿಗೆ ಎಷ್ಟು ಬಸ್ಸು ಬರುತ್ತವೆ, ಎಲ್ಲಿ ನಿಲ್ಲುತ್ತವೆ, ಯಾರನ್ನು ಬಿಟ್ಟು ಹೋಗುತ್ತವೆ, ಒಂದು ವಾರ ನಿಂತು ಬರೆದಿಡಿ. ಹುಡುಗರೇ, ಆ ಪಟ್ಟಿ ಹಿಡಿದು ಡಿಪೋ ಮುಂದೆ ಕೂರೋಣ. ಒಂದು ದಿನಕ್ಕೆ ಆಗದಿದ್ದರೆ ಹತ್ತು ದಿನ.

ಹೆದ್ದಾರಿಗೆ ಹೋದ ಭೂಮಿಯಲ್ಲಿ ನಮ್ಮ ಕೂಲಿಯ ಬೆವರಿತ್ತು. ಸುಡುವ ಡಾಂಬರನ್ನು ಬರಿಗಾಲಲ್ಲಿ ತುಳಿದು ಹಾಸಿದವರು ನಮ್ಮ ಅಪ್ಪ ಅವ್ವಂದಿರು. ಹಾಸಿದವರನ್ನೇ ಅದರ ಅಂಚಿನಲ್ಲಿ ನಿಲ್ಲಿಸಿ ಧೂಳು ಎರಚಿಕೊಂಡು ಹೋಗುವುದು ಇನ್ನು ಸಾಕು. ಬಸ್ಸು ನಿಲ್ಲಲಿ. ನಾವು ಹತ್ತುತ್ತೇವೆ.